‘ಪಕ್ಕದಲ್ಲಿ ಮಲಗು’ ಎನ್ನುತ್ತಾರೆ, ನನಗೆ ಸಂಕೋಚ

ಪ್ರಶ್ನೆ: ನನಗೆ 67 ವರ್ಷ, ಯಜಮಾನರಿಗೆ 74. ಅವರ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗಳಿಗೆ ಹರಡಿದ್ದು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ವೈದ್ಯರು ಕಳುಹಿಸಿದ್ದಾರೆ. ಮಗ ಹಾಲ್‌ನಲ್ಲಿ ಆಸ್ಪತ್ರೆ ಮಂಚ ಹಾಕಿಸಿದ್ದಾನೆ. ನಾನು ಮೊಮ್ಮಗಳ ಕೋಣೆಯಲ್ಲಿ ಮಲಗುತ್ತೇನೆ. ರಾತ್ರಿ ಇವರು ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಸೊಸೆ ಏನೆಂದುಕೊಂಡಾಳು? ಅವರಿಗೆ ಅಪಾಯವಾದರೆ? ಈ ಸ್ಥಿತಿಯಲ್ಲಿ ಇದು ಸರಿಯೇ?

ಉತ್ತರ: ಖಂಡಿತ ಸರಿ. ಕಾಯಿಲೆ ಬಿದ್ದಂದಿನಿಂದ ನಿಮ್ಮ ಯಜಮಾನರ ಮೈ ಮುಟ್ಟುವವರೆಲ್ಲ ಸೂಜಿ ಚುಚ್ಚಲು, ಮೈ ಒರೆಸಲು, ಮಗ್ಗುಲು ಬದಲಿಸಲು ಮುಟ್ಟುತ್ತಿದ್ದಾರೆಯೇ ಹೊರತು, ಸುಮ್ಮನೆ ಪ್ರೀತಿಗೆಂದು ಮುಟ್ಟುವವರು ಅವರಿಗೆ ಯಾರೂ ಉಳಿದಿಲ್ಲ. ಅವರು ಕೇಳುತ್ತಿರುವುದು ತಮ್ಮ ಹೆಂಡತಿಯನ್ನು.

ಈ ಕ್ಯಾನ್ಸರಿಗೆ ಕೊಡುವ ಹಾರ್ಮೋನ್ ಇಂಜೆಕ್ಷನ್ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನನ್ನು ತಗ್ಗಿಸುವುದರಿಂದ ಬಯಕೆಯೂ ನಿಮಿರುವಿಕೆಯೂ ಸಾಮಾನ್ಯವಾಗಿ ಕುಗ್ಗುತ್ತವೆ. ಹಾಗಾಗಿ ಅವರಿಗೆ ಬೇಕಿರುವುದು ಅಪ್ಪುಗೆ, ಮುತ್ತು, ಮೈಯ ಬಿಸುಪು ಇಷ್ಟೇ ಇರಬಹುದು; ಅದಕ್ಕಿಂತ ಹೆಚ್ಚಿನದನ್ನು ಬಯಸಿದರೂ ತಪ್ಪಿಲ್ಲ, ಅವರನ್ನೇ ಮೆಲ್ಲಗೆ ಕೇಳಿ. ಮುಟ್ಟುವುದರಿಂದಾಗಲಿ ಮುತ್ತಿಡುವುದರಿಂದಾಗಲಿ ಕ್ಯಾನ್ಸರ್ ಹರಡುವುದಿಲ್ಲ. ಆದರೆ ಯಾರೋ ಹೇಳಿದರೆಂದು ಮೆಡಿಕಲ್ ಶಾಪಿನಿಂದ ಶಕ್ತಿವರ್ಧಕ ಮಾತ್ರೆ ತರಿಸಬೇಡಿ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ವಯಾಗ್ರಾದಂಥವು ರಕ್ತದೊತ್ತಡವನ್ನು ಪ್ರಾಣಕ್ಕೆ ಕುತ್ತಾಗುವಷ್ಟು ಇಳಿಸಬಲ್ಲವು.

ಅಪಾಯ ನಿಜವಾಗಿ ಇರುವುದು ಮೂಳೆಗಳಲ್ಲಿ. ಕ್ಯಾನ್ಸರ್ ಹೊಕ್ಕ ಮೂಳೆ ಸಣ್ಣ ಭಾರಕ್ಕೂ ಮುರಿಯಬಹುದಾದ್ದರಿಂದ ನಿಮ್ಮ ಭಾರ ಅವರ ಮೇಲೆ ಬೀಳದಂತೆ ಮುಖಾಮುಖಿಯಾಗಿ ಮಗ್ಗುಲಲ್ಲಿ ಮಲಗಿ, ಅವರ ಮಂಡಿಗಳ ನಡುವೆ ದಿಂಬಿಡಿ. ನೋವಿಗೆ ಸಾದಾ (ನಿಧಾನವಾಗಿ ಕರಗುವ ಬಗೆಯದಲ್ಲದ) ಮಾರ್ಫಿನ್ ಮಾತ್ರೆ ಕೊಡುತ್ತಿದ್ದರೆ, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ನೋವು ಇಳಿಯುತ್ತದೆ. ಆ ಹೊತ್ತನ್ನು ನಿಮ್ಮದಾಗಿಸಿಕೊಳ್ಳಿ. ಮೂತ್ರದ ಪೈಪ್ ಹಾಕಿದ್ದರೆ ಅದನ್ನು ತೊಡೆಗೆ ಅಂಟಿಸಿ, ಚೀಲವನ್ನು ನೀವು ಮಲಗದ ಬದಿಗೆ, ಹಾಸಿಗೆಗಿಂತ ಕೆಳಗೆ ತೂಗುಹಾಕಿ. ಆಸ್ಪತ್ರೆ ಮಂಚ ಇಬ್ಬರಿಗೆ ಸಾಲದು. ಅದರ ಗಾಲಿಗಳಿಗೆ ಬ್ರೇಕ್ ಹಾಕಿ, ನಿಮ್ಮ ಹಳೆಯ ಮಂಚವನ್ನು ಸಮ ಎತ್ತರಕ್ಕೆ ತಂದು ಪಕ್ಕಕ್ಕೆ ಒತ್ತರಿಸಿ, ನಡುವಿನ ಕಂಬಿ ಇಳಿಸಿ, ಸಂದಿಗೆ ಮಡಚಿದ ರಗ್ಗು ತುಂಬಿ.

ಇದೆಲ್ಲ ಹಾಲ್‌ನಲ್ಲಿ ಆಗುವ ಮಾತಲ್ಲ. ನಿಮಗೆ ಬಾಗಿಲಿರುವ ಕೋಣೆ ಬೇಕು. ಮಗನನ್ನು ಕೂರಿಸಿಕೊಂಡು, ‘ಅಪ್ಪನ ಮಂಚ ನಮ್ಮ ಕೋಣೆಗೇ ಹೋಗಲಿ, ರಾತ್ರಿ ನಾನು ಜೊತೆಗಿರುತ್ತೇನೆ, ಒಳಗೆ ಬರುವಾಗ ಬಾಗಿಲು ತಟ್ಟಿ’ ಎಂದಷ್ಟೇ ಹೇಳಿ. ಕಾರಣ ವಿವರಿಸುವ ಹಂಗು ನಿಮಗಿಲ್ಲ. ಸೊಸೆಗೂ ನಿಮ್ಮ ಮಗನೇ ಹೇಳಲಿ. ಹಗಲಿನ ಆರೈಕೆ ಆ ಕೋಣೆಯಲ್ಲೂ ನಡೆಯುತ್ತದೆ.

ನಿಮ್ಮ ಪತ್ರದಲ್ಲಿ ಎಲ್ಲರ ಚಿಂತೆ ಇದೆ, ನಿಮಗೇನು ಬೇಕು ಎಂಬುದೊಂದೇ ಇಲ್ಲ, ಮತ್ತು ನನ್ನನ್ನು ಹೆಚ್ಚು ಕಾಡಿದ್ದು ಅದೇ. ಅವರ ಸ್ಪರ್ಶ ನಿಮಗೂ ಬೇಕೆನಿಸಿದರೆ ನಾಚಬೇಕಿಲ್ಲ. ದಿನವಿಡೀ ಸೇವೆ ಮಾಡಿ ದಣಿದ ಮೈಗೆ ಬೇಡವೆನಿಸಿದರೆ, ಅವರು ಸಾವಿನ ಹತ್ತಿರವಿದ್ದಾರೆಂಬ ಕಾರಣಕ್ಕೆ ಒಪ್ಪಬೇಕಿಲ್ಲ. ‘ಇವತ್ತು ಕೈ ಹಿಡಿದು ಮಲಗೋಣ’ ಎಂದರೆ ಅವರಿಗೆ ಅರ್ಥವಾಗುತ್ತದೆ.

ಮುಂದಿನ ಭೇಟಿಯಲ್ಲಿ ವೈದ್ಯರನ್ನು ನೇರವಾಗಿ ಕೇಳಿ: ‘ಯಾವ ಮೂಳೆಯ ಮೇಲೆ ಭಾರ ಬೀಳಬಾರದು?’ ಬೆಂಗಳೂರಿನಲ್ಲಿದ್ದರೆ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಶುಲ್ಕ ಪಡೆಯದೆ ಆರೈಕೆ ಮಾಡುವ ಕರುಣಾಶ್ರಯ ಸಂಸ್ಥೆಯ ಮನೆಭೇಟಿ ತಂಡದ ನರ್ಸ್ ಬಳಿಯೂ ಇದನ್ನು ಕೇಳಬಹುದು.