ನಿಂತ ವಿಮಾನದೊಳಗೆ ಅಷ್ಟೊಂದು ಸೆಕೆ ಏಕೆ?

ಎಸಿ ಕೆಟ್ಟಿದೆ ಎಂದೇ ಎಲ್ಲರೂ ಬೈಯುತ್ತಾರೆ. ಬಹಳಷ್ಟು ಸಲ ಅದು ಕೆಟ್ಟಿರುವುದಿಲ್ಲ, ಅದನ್ನು ನಡೆಸುವ ಗಾಳಿಯೇ ಸಾಲದಿರುತ್ತದೆ.

ಹೆಚ್ಚಿನ ಪ್ರಯಾಣಿಕ ವಿಮಾನಗಳ ಎಸಿ ಓಡುವುದು ಎಂಜಿನ್ ಒತ್ತಿ ಕೊಡುವ ಗಾಳಿಯಿಂದ. ಆ ಬಿಸಿ ಗಾಳಿಯನ್ನು ಹೊರಗಿನ ಗಾಳಿಯಿಂದ ತಣಿಸಿ, ಹಿಗ್ಗಿಸಿ, ಒಳಗೆ ಬಿಡುತ್ತಾರೆ. ಆಕಾಶದಲ್ಲಿ ಹೊರಗೆ ಸುಮಾರು ಮೈನಸ್ 50 ಡಿಗ್ರಿ, ಚಿಂತೆಯಿಲ್ಲ. ನೆಲದ ಮೇಲೆ ಮುಖ್ಯ ಎಂಜಿನ್‌ಗಳು ಆರಿದ್ದರೆ ಬಾಲದಲ್ಲಿರುವ ಪುಟ್ಟ ಸಹಾಯಕ ಎಂಜಿನ್ ಒಂದೇ ಗತಿ. ಬಿಸಿಲಲ್ಲಿ ಅದರ ಶಕ್ತಿಯೂ ಕುಗ್ಗುತ್ತದೆ, ತಣಿಸಲು ಸಿಗುವ ಹೊರಗಾಳಿಯೂ ಬಿಸಿ. ನಿಲ್ದಾಣದವರು ಕೊಳವೆಯಲ್ಲಿ ಕೊಡುವ ತಂಪು ಗಾಳಿ, ವಿಮಾನ ಹಿಂದೆ ಸರಿಯುವ ಮೊದಲೇ ಕಳಚಿರುತ್ತದೆ.

ಇನ್ನು ನಾವೇ ಒಲೆಗಳು! ಸುಮ್ಮನೆ ಕುಳಿತ ಒಬ್ಬ ಮನುಷ್ಯ ಸುಮಾರು 100 ವ್ಯಾಟ್ ಶಾಖ ಹೊರಬಿಡುತ್ತಾನೆ. 180 ಜನರೆಂದರೆ 18 ಕಿಲೋವ್ಯಾಟ್, ಅಂದರೆ ಒಂದೊಂದು ಕಿಲೋವ್ಯಾಟ್‌ನ ಹದಿನೆಂಟು ಹೀಟರ್. ಸುತ್ತ ಕಾಂಕ್ರೀಟ್ ನೆಲ. ಮಾರ್ಚ್ ಮಧ್ಯಾಹ್ನ ಕಾಫಿ ಒಣಗಿಸುವ ಸಿಮೆಂಟ್ ಕಣದಲ್ಲಿ ಬರಿಗಾಲಲ್ಲಿ ನಿಂತವರಿಗೆ ಅದರ ಕಾವು ಗೊತ್ತು.

ನಮ್ಮ ಕೊಡಗಿನವರಿಗೆ ಇದು ಇನ್ನಷ್ಟು ತಟ್ಟುತ್ತದೆ. ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಮಡಿಕೇರಿಯ ತಂಪಿನಿಂದ ಘಟ್ಟ ಇಳಿದು ಮಂಗಳೂರಿಗೋ ಕಣ್ಣೂರಿಗೋ ಹೋದರೆ ಕರಾವಳಿಯ ತೇವ ಬೆವರನ್ನು ಆರಲು ಬಿಡುವುದಿಲ್ಲ. ಕಿಟಕಿಯ ಪರದೆ ಎಳೆದು, ತಲೆಯ ಮೇಲಿನ ಗಾಳಿಕಿಂಡಿ ತೆರೆದು, ನೀರು ಕೇಳಿ. ತಲೆ ಸುತ್ತಿದರೆ ಸಂಕೋಚ ಬಿಟ್ಟು ಸಿಬ್ಬಂದಿಯನ್ನು ಕೂಡಲೇ ಕರೆಯಿರಿ.