‘ತೊಪ್ಪೂರು ಇಳಿದಾಯ್ತು ಸಾರ್’: ಫೋನಿನಲ್ಲಿ ಹುಟ್ಟುವ ಅವಸರ

ಆಪ್ತಸಮಾಲೋಚನೆಗೆಂದು ನನ್ನ ಬಳಿಗೆ ಬರುವ, ಹೊಸೂರು ಸುತ್ತಲಿನ ಲಾರಿ ಚಾಲಕರ ಮನೆಗಳಿಂದ ಒಂದೇ ಬಗೆಯ ದೂರು ಮತ್ತೆ ಮತ್ತೆ ಬರುತ್ತಿದೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದೆ.

ಹೊಸೂರಿನ ಹತ್ತಿರದ ತಳಿ ಊರಿನ ಕಡೆಯ ಚಾಲಕ, ನಲವತ್ತು ದಾಟಿದವರು. ಹೊಸೂರಿನ ಕೈಗಾರಿಕಾ ಪ್ರದೇಶವಾದ ಸಿಪ್ಕಾಟಿನಿಂದ ಕೊಯಮತ್ತೂರಿಗೆ ಬಿಡಿಭಾಗಗಳ ಲೋಡು. ಮನೆಯಲ್ಲಿದ್ದಾಗಲೂ ಫೋನ್ ಸದ್ದಾದರೆ ಬೆಚ್ಚಿಬೀಳುತ್ತಾರೆ, ನಿದ್ದೆಯಿಲ್ಲ, ಮಕ್ಕಳ ಮೇಲೆ ರೇಗುತ್ತಾರೆ ಎಂದು ಹೆಂಡತಿ ಕರೆತಂದಿದ್ದರು. ಕುಡಿತವಿಲ್ಲ. ಮೂರನೆಯ ಭೇಟಿಗೆ, ಅವರ ಒಪ್ಪಿಗೆ ಪಡೆದು, ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗಾಡಿ ಬಿಡುವ ಸೂಪರ್‌ವೈಸರ್ ಹುಡುಗನನ್ನೂ ಕರೆಸಿದೆ.

ಒಂದು ರಾತ್ರಿಯ ಕರೆಗಳ ಪಟ್ಟಿಯನ್ನು ಇಬ್ಬರ ಮೊಬೈಲಿನಲ್ಲೂ ತೆಗೆಸಿ ಪಕ್ಕಪಕ್ಕ ಇಡಿಸಿದೆ. ಹತ್ತರಿಂದ ಮೂರರೊಳಗೆ 11 ಕರೆ. ಪ್ರತಿ ಕರೆಗೂ ಗಾಡಿ ಎಲ್ಲಿತ್ತು, ಏನು ಕೇಳಿದರು, ಏನು ಹೇಳಿದಿರಿ ಎಂದು ಬರೆಯುತ್ತಾ ಹೋದೆವು. 12.40ರ ಕರೆಗೆ ಬಂದಾಗ ಚಾಲಕರು ತಡೆದರು.

“ತೊಪ್ಪೂರು ಇಳಿದಾಯ್ತು ಸಾರ್ ಅಂದೆ. ಆಗಿನ್ನೂ ಧರ್ಮಪುರಿ ಹತ್ರಾನೇ ಇದ್ದೆ.”

ಯಾಕೆ ಎಂದೆ.

“ಇನ್ನೂ ಧರ್ಮಪುರೀನಾ ಅಂತಾರೆ. ಮುಂದಿನ ಊರು ಹೇಳಿದ್ರೆ ಫೋನ್ ಇಡ್ತಾರೆ. ಇನ್ನೊಂದು ಸಲ ಫೋನ್ ಬರೋದ್ರೊಳಗೆ ಆ ಊರು ಮುಟ್ಟಬೇಕಲ್ಲ ಮೇಡಂ.”

ಹುಡುಗನ ಮುಖ ಬಿಳಿಚಿತು. “ನಿಮ್ಮ ಮಾತು ನಂಬಿ ಪಾರ್ಟಿಗೆ ಬೆಳಿಗ್ಗೆ ಬೇಗ ಅನ್‌ಲೋಡ್ ಅಂತ ಹೇಳಿಬಿಟ್ಟೆ ಅಣ್ಣ. ಅದರಲ್ಲೂ ನಾನೊಂದು ಗಂಟೆ ಕಮ್ಮಿ ಮಾಡೇ ಹೇಳಿರ್ತೀನಿ.”

ಚಾಲಕರು ಬೈಗುಳ ತಪ್ಪಿಸಲು ಅರ್ಧ ಗಂಟೆ ಮುಂದೆ ಹೋದರು, ಆಫೀಸು ಗಿರಾಕಿಯನ್ನು ಸಮಾಧಾನ ಮಾಡಲು ಒಂದು ಗಂಟೆ ಕತ್ತರಿಸಿತು. ಎರಡೂ ಸೇರಿದ ಒಂದೂವರೆ ಗಂಟೆಯನ್ನು ದುಡಿಯಬೇಕಾದದ್ದು ರಸ್ತೆಯ ಮೇಲೆ. ಅದೂ ಧರ್ಮಪುರಿ, ಸೇಲಂ ನಡುವಿನ ತೊಪ್ಪೂರು ಘಾಟಿಯಲ್ಲಿ! ಸೇಲಂ ಕಡೆಗೆ ಅಲ್ಲಿ ಇಳಿಜಾರು. ಲೋಡ್ ಗಾಡಿಯನ್ನು ಕೆಳಗಿನ ಗೇರಿನಲ್ಲಿ, ಎಂಜಿನ್ನಿನ ಹಿಡಿತದಲ್ಲೇ ಇಳಿಸಬೇಕು. ಅವಸರಕ್ಕೋ ಡೀಸೆಲ್ ಉಳಿಸಲೋ ನ್ಯೂಟ್ರಲ್‌ಗೆ ಹಾಕಿದರೆ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಅದರ ಲೈನರ್ ಕಾದು ಬ್ರೇಕ್ ಹಿಡಿಯುವುದಿಲ್ಲ. ನೆಮ್ಮದಿಗೆಂದು ಹೇಳಿದ ಸುಳ್ಳು ಅಲ್ಲಿ ಪ್ರಾಣಕ್ಕೇ ಬರುತ್ತದೆ.

ಅಂದು ಕೊಟ್ಟ ಸಲಹೆ ಇಷ್ಟು. ಆಫೀಸಿನ ಮೊದಲ ಪ್ರಶ್ನೆ ‘ಎಲ್ಲಿದ್ದೀರಾ’ ಅಲ್ಲ, ‘ಗಾಡಿ ನಿಂತಿದೆಯಾ’. ಓಡುತ್ತಿದ್ದರೆ ಅಲ್ಲಿಗೇ ಫೋನ್ ಇಡಬೇಕು. ಕೈಯಲ್ಲಿ ಫೋನ್ ಹಿಡಿದು ಓಡಿಸುವುದು ಮೋಟಾರು ವಾಹನ ಕಾಯಿದೆಯ 184ನೇ ಕಲಮಿನಂತೆ ಅಪಾಯಕಾರಿ ಚಾಲನೆ. ಕರೆಯುವವರೇ ಅದಕ್ಕೆ ದೂಡಬಾರದು. ಚಾಲಕರು ಲೋಡ್ ಮುಗಿಸಿ ಹೊರಡುವಾಗ, ಕೃಷ್ಣಗಿರಿ ಟೋಲ್ ದಾಟಿ ಚಹಾಕ್ಕೆ ನಿಂತಾಗ, ಸೇಲಂ ಆದಮೇಲೆ, ಅನ್‌ಲೋಡ್ ಗೇಟಿನಲ್ಲಿ, ಹೀಗೆ ನಾಲ್ಕು ಕಡೆ ನಿಲ್ಲಿಸಿ ಹದಿನೈದು ಸೆಕೆಂಡಿನ ಧ್ವನಿಸಂದೇಶ ಕಳಿಸಬೇಕು: ಎಲ್ಲಿದ್ದೇನೆ, ಗಂಟೆ ಎಷ್ಟು, ಮುಂದೆ ಎಲ್ಲಿ ನಿಲ್ಲುತ್ತೇನೆ, ತೊಂದರೆ ಏನಾದರೂ ಇದೆಯೇ. ಮಲಗುವ ಮುಂಚೆ ‘ಮಲಗ್ತೀನಿ, ನಾಲ್ಕಕ್ಕೆ ಏಳ್ತೀನಿ’ ಎಂದು ಹೇಳಿಟ್ಟರೆ ಅಲ್ಲಿಯವರೆಗೆ ಕರೆಯಿಲ್ಲ. ಗೇಟಿನ ಸಂದೇಶ ಮಾತ್ರ ತಪ್ಪಲೇಬಾರದು, ಅನ್‌ಲೋಡಿಗೆ ಕಾಯಿಸಿದ್ದಕ್ಕೆ ಕೊಡಬೇಕಾದ ಹಾಲ್ಟಿಂಗ್ ಹಣದ ಜಗಳಕ್ಕೆ ಅದೇ ಸಾಕ್ಷಿ.

ಫೋನ್ ಆಫ್ ಮಾಡಿಡಲಿ ಎಂದು ಹೆಂಡತಿ ಕೇಳಿದರು. ಒಪ್ಪಲಿಲ್ಲ. ಹೊಸೂರಿನಿಂದ ಕೊಯಮತ್ತೂರು 300 ಕಿಲೋಮೀಟರಿಗೂ ಹೆಚ್ಚು. ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಸಾಗಣೆ ಪತ್ರ ಇ-ವೇ ಬಿಲ್ಲಿಗೆ, 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ, ಎರಡು ದಿನದ ಅವಧಿ. ದಾರಿಯಲ್ಲಿ ಗಾಡಿ ಕೆಟ್ಟರೆ ಅವಧಿ ಮುಗಿಯುವ 8 ಗಂಟೆ ಮುಂಚಿನಿಂದ ಮುಗಿದ 8 ಗಂಟೆಯೊಳಗೆ ವಿಸ್ತರಿಸಬೇಕು, ಸರಕು ಬೇರೆ ಲಾರಿಗೆ ಬದಲಾದರೆ ಆ ಲಾರಿಯ ನಂಬರನ್ನು ಬಿಲ್ಲಿಗೆ ಏರಿಸಬೇಕು. ನಿಜವಾದ ಜಾಗ ಗೊತ್ತಿಲ್ಲದ ಆಫೀಸು ಇದನ್ನು ಮಾಡುವುದು ಹೇಗೆ?

ನಿದ್ದೆಗೆ ಉಸಿರಾಟದ ಅಭ್ಯಾಸ ಹೇಳಿಕೊಡುವುದು ಬಿಟ್ಟು ಆಫೀಸಿನ ವ್ಯವಹಾರಕ್ಕೆ ಕೈಹಾಕಿದ್ದೇಕೆ ಎಂದು ಕೆಲವರು ಕೇಳಬಹುದು. ಅಭ್ಯಾಸವನ್ನೂ ಹೇಳಿಕೊಟ್ಟಿದ್ದೇನೆ. ಆದರೆ ರಾತ್ರಿ ಎರಡಕ್ಕೆ ಬೈಸಿಕೊಳ್ಳುವ ಮನುಷ್ಯನಿಗೆ ಮನಸ್ಸು ಗಟ್ಟಿ ಮಾಡಿಕೋ ಎನ್ನುವುದು ಅನ್ಯಾಯ. ಅವನ ಕಾಯಿಲೆಯ ಅರ್ಧ ಭಾಗ ಆಫೀಸಿನ ಮೇಜಿನ ಮೇಲಿದೆ.

ಕರೆಗಳು ಇಳಿದಿವೆ, ನಿದ್ದೆ ಇನ್ನೂ ಪೂರ್ತಿ ಮರಳಿಲ್ಲ. ಮುಂದಿನ ಭೇಟಿಗೆ ಗಾಡಿ ಮಾಲೀಕರನ್ನು ಕರೆದಿದ್ದೇನೆ. ಟೋಲಿನಲ್ಲಿ ಫಾಸ್ಟ್ಯಾಗ್ ಹಣ ಕಡಿತವಾದ ಸಂದೇಶ ಅವರ ಮೊಬೈಲಿಗೆ ಬರುತ್ತದೆ. ಅದನ್ನು ಅವರು ಆಫೀಸಿಗೆ ದಾಟಿಸಿದರೆ ರಾತ್ರಿಯ ಅರ್ಧ ಕರೆಗಳು ಬೇಕಾಗುವುದೇ ಇಲ್ಲ.