ಮೂವತ್ತು ಎಂ.ಎಲ್. ಜ್ಯೂಸ್, ಅರ್ಧ ಮಾತ್ರೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಜ್ಯೂಸಿನವೇ. ನೋನಿ, ಅಸಾಯಿ, ಮ್ಯಾಂಗೋಸ್ಟೀನ್, ಡ್ರ್ಯಾಗನ್ ಫ್ರೂಟ್. ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಪಥ್ಯದ ಊಟ ಬರೆದುಕೊಟ್ಟವಳು ನಾನು. ಗಂಜಿ ಕುಡಿಯಬಹುದಾ, ಮೊಸರನ್ನ ತಿನ್ನಬಹುದಾ ಅನ್ನುವ ಪ್ರಶ್ನೆಗಳೇ ನನಗೆ ಅಭ್ಯಾಸ. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಯ್ತು.

ಪ್ರಶ್ನೆ: ನಮ್ಮ ಅತ್ತೆಗೆ 68 ವರ್ಷ. ಹದಿನೈದು ವರ್ಷದಿಂದ ಶುಗರ್, ಬಿಪಿ ಎರಡೂ ಇವೆ. ಕಳೆದ ವರ್ಷ ಕ್ರಿಯಾಟಿನಿನ್ 1.9 ಬಂತು, ಕಿಡ್ನಿ ವೀಕ್ ಆಗಿದೆ ಎಂದರು ಡಾಕ್ಟರು. ನಮ್ಮ ನಾದಿನಿ ಯಾವುದೋ ಕಂಪನಿಗೆ ಸೇರಿಕೊಂಡಿದ್ದಾರೆ. ತಿಂಗಳಿಗೆ ಎರಡು ಬಾಟಲಿ ನೋನಿ ಜ್ಯೂಸ್ ತಂದುಕೊಡುತ್ತಾರೆ, ಒಂದಕ್ಕೆ 1,600 ರೂಪಾಯಿ. ಬೆಳಿಗ್ಗೆ 30 ಎಂ.ಎಲ್., ರಾತ್ರಿ 30 ಎಂ.ಎಲ್. ಶುಗರ್ ಹೋಗುತ್ತದೆ, ವಯಸ್ಸೂ ಹತ್ತು ವರ್ಷ ಹಿಂದಕ್ಕೆ ಹೋಗುತ್ತದೆ ಅಂತಾರೆ. ಅತ್ತೆಯ ಮುಖದಲ್ಲಿ ಕಳೆ ಬಂದಿರುವುದು ನಿಜ. ಆದರೆ ಶುಗರ್ ಮಾತ್ರೆಯನ್ನು ಅರ್ಧಕ್ಕೆ ಮುರಿದು ತಗೊಳ್ತಿದ್ದಾರೆ. ಕೇಳಿದರೆ "ನನ್ನ ಮಗಳು ತಂದುಕೊಟ್ಟರೆ ನಿನಗೆ ಹೊಟ್ಟೆಕಿಚ್ಚು" ಅಂತಾರೆ. ಏನು ಮಾಡಲಿ?
(ಹೆಸರು ಬೇಡ ಎಂದಿದ್ದಾರೆ, ವಿಜಯನಗರ)

ಉತ್ತರ: ಮೊದಲು ಆ ಅರ್ಧ ಮಾತ್ರೆ. ಜ್ಯೂಸಿನ ಮಾತು ಆಮೇಲೆ ಆಡೋಣ. ಕಿಡ್ನಿ ಸೋತವರಿಗೆ ಶುಗರ್ ಮಾತ್ರೆಯ ಪ್ರಮಾಣವನ್ನು ಡಾಕ್ಟರೇ ಕಡಿಮೆ ಮಾಡುವುದುಂಟು, ಮಾತ್ರೆಯನ್ನೇ ಬದಲಾಯಿಸುವುದೂ ಉಂಟು. ಆದರೆ ಅದು ರಕ್ತ ಪರೀಕ್ಷೆ ನೋಡಿ ಮಾಡುವ ಕೆಲಸ. ಈ ವಾರವೇ ಅತ್ತೆಯನ್ನು ಅವರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಎಚ್‌ಬಿಎ1ಸಿ, ಕ್ರಿಯಾಟಿನಿನ್, ಪೊಟ್ಯಾಸಿಯಂ, ಈ ಮೂರನ್ನು ಮಾಡಿಸಿ. ಎಚ್‌ಬಿಎ1ಸಿ ಹಿಂದಿನ ಎರಡು-ಮೂರು ತಿಂಗಳ ಶುಗರಿನ ಜಾತಕ. ಹಿಂದಿನ ರಾತ್ರಿ ಊಟ ಬಿಟ್ಟು ಅದಕ್ಕೆ ಮಂಕುಬೂದಿ ಎರಚೋಕೆ ಆಗಲ್ಲ.

ಹೋಗುವಾಗ ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ಡಾಕ್ಟರ ಮೇಜಿನ ಮೇಲೆ ಇಟ್ಟು ಸುಮ್ನೆ ಕೂತುಬಿಡಿ. ಉಳಿದದ್ದನ್ನು ಅತ್ತೆಯೇ ಹೇಳಲಿ. ಸೊಸೆ ಬಾಯಿಬಿಟ್ಟರೆ ಅದು ಮನೆಜಗಳ. ಅತ್ತೆ ತಾವೇ ಹೇಳಿದರೆ ಅದು ಚಿಕಿತ್ಸೆಯ ಮಾತು.

ಪೊಟ್ಯಾಸಿಯಂ ಯಾಕೆ ಅಂದೆ? ನೋನಿ ರಸದಲ್ಲಿ ಅದು ಚೆನ್ನಾಗಿಯೇ ಇದೆ. ಅಮೆರಿಕದಲ್ಲಿ ಕಿಡ್ನಿ ಕಾಯಿಲೆಯ ಒಬ್ಬ ರೋಗಿ ಪೊಟ್ಯಾಸಿಯಂ ಕಡಿಮೆ ಇರುವ ಪಥ್ಯ ಮಾಡುತ್ತಿದ್ದರೂ ರಕ್ತದಲ್ಲಿ ಅದು ಏರಿತ್ತು. ಕೇಳಿ ನೋಡಿದರೆ ಮನೆಯಲ್ಲಿ ನೋನಿ ಕುಡಿಯುತ್ತಿದ್ದರಂತೆ. ವೈದ್ಯರು ಆ ಜ್ಯೂಸನ್ನೇ ಪರೀಕ್ಷೆ ಮಾಡಿದಾಗ ಕಿತ್ತಳೆ ರಸದಲ್ಲಿ, ಟೊಮೆಟೊ ರಸದಲ್ಲಿ ಇರುವಷ್ಟೇ ಪೊಟ್ಯಾಸಿಯಂ ಸಿಕ್ಕಿತು. 2000ದಲ್ಲಿ ವೈದ್ಯ ಪತ್ರಿಕೆಯಲ್ಲಿ ಬಂದ ವರದಿ ಇದು. ಪೊಟ್ಯಾಸಿಯಂ ವಿಪರೀತ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ.

ಹಾಗಂತ ನಿಮ್ಮನ್ನು ಸುಮ್ಮನೆ ಹೆದರಿಸುವುದೂ ಸರಿಯಲ್ಲ. ಅದೇ ಲೆಕ್ಕ ಹಿಡಿದರೆ ದಿನದ 60 ಎಂ.ಎಲ್.ನಲ್ಲಿ ಬರುವುದು ಹೆಚ್ಚುಕಡಿಮೆ ಒಂದು ಏಲಕ್ಕಿ ಬಾಳೆಹಣ್ಣಿನಷ್ಟು ಪೊಟ್ಯಾಸಿಯಂ. ಅದೊಂದರಿಂದಲೇ ಯಾರೂ ಕೆಡುವುದಿಲ್ಲ. ಆದರೆ ಅತ್ತೆ ವಾಕಿಂಗ್ ಮುಗಿಸಿ ಎಳನೀರು ಕುಡಿಯುತ್ತಾರಾ? ಬಿಪಿಗೆ ಟೆಲ್ಮಿಸಾರ್ಟನ್ ಅಥವಾ ಲೋಸಾರ್ಟನ್ ತಗೊಳ್ತಾರಾ? ಆ ಮಾತ್ರೆಗಳೂ ಪೊಟ್ಯಾಸಿಯಂ ಏರಿಸಬಹುದು. ಎಳನೀರಿನಲ್ಲಂತೂ ಅದು ಜಾಸ್ತಿ. ಹೀಗೆ ಒಂದೊಂದು ಚಮಚ ಸೇರಿ ಬಿಂದಿಗೆ ತುಂಬುತ್ತದೆ.

ಈಗ ಬಾಟಲಿಗೆ ಬರೋಣ. ನನಗೂ ಒಂದು ಬಂದಿತ್ತು. ಕೃಷ್ಣರಾವ್ ಪಾರ್ಕಿನಲ್ಲಿ ದಿನಾ ಜೊತೆಗೆ ನಡೆಯುವ ಗೆಳತಿಯೊಬ್ಬರು, ಒಳ್ಳೆಯವರು, "ನಿಮಗೆ ಫ್ರೀ, ಕುಡಿದು ನೋಡಿ" ಎಂದು ಕೊಟ್ಟರು. ಮುಚ್ಚಳ ತೆಗೆದೆ. ವಾಸನೆಗೆ ನಮ್ಮ ಮನೆಯವರು ಪೇಪರ್ ಕೆಳಗಿಟ್ಟು "ಏನು ಕೆಟ್ಟಿದೆ ಫ್ರಿಜ್ಜಲ್ಲಿ?" ಎಂದರು. ಹಣ್ಣಾದ ನೋನಿಯ ವಾಸನೆಗೆ ಮುಖ್ಯ ಕಾರಣ ಕ್ಯಾಪ್ರಿಲಿಕ್, ಕ್ಯಾಪ್ರೋಯಿಕ್ ಅನ್ನುವ ಆಮ್ಲಗಳು. ಲ್ಯಾಟಿನ್‌ನಲ್ಲಿ ಮೇಕೆಗೆ ಇರುವ ಪದದಿಂದಲೇ ಆ ಹೆಸರುಗಳು ಬಂದಿವೆ. ಹೋತದ ಹತ್ತಿರ ನಿಂತವರಿಗೆ ವಿವರಿಸಬೇಕಾಗಿಲ್ಲ. ಪೆಸಿಫಿಕ್ ದ್ವೀಪಗಳ ಜನ ಇದನ್ನು ಬರಗಾಲದಲ್ಲಿ ತಿನ್ನುತ್ತಿದ್ದರು. ಮದ್ದಿಗೆಂದರೆ ಹಣ್ಣುಗಳನ್ನು ಜಾಡಿಯಲ್ಲಿ ವಾರಗಟ್ಟಲೆ ಇಟ್ಟು, ತಾನಾಗಿ ಒಸರಿದ ರಸವನ್ನು ಸೋಸಿಕೊಳ್ಳುತ್ತಿದ್ದರು. ನಮ್ಮ ಕರಾವಳಿಯಲ್ಲೂ ಅಂಡಮಾನ್‌ನಲ್ಲೂ ಈ ಗಿಡ ಇದೆ.

ಆಮೇಲೆ ಭೂತಗನ್ನಡಿ ಹಿಡಿದು ಹಿಂಬದಿಯ ಲೇಬಲ್ ಓದಿದೆ. ನೀವೂ ಓದಿ, ಅತ್ತೆಗೆ ಕೇಳಿಸುವಂತೆ ಓದಿ. ಒಳಗೇನಿದೆ ಅನ್ನುವ ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆಯಬೇಕು, ಅದು ನಿಯಮ. ನನ್ನ ಬಾಟಲಿಯಲ್ಲಿ ಮೊದಲು ನೀರು. ಆಮೇಲೆ ಸೇಬಿನ ರಸದ ಕಾನ್ಸಂಟ್ರೇಟ್, ಆಮೇಲೆ ದ್ರಾಕ್ಷಿಯದು. ನೋನಿ ನಾಲ್ಕನೆಯದು. ಕೊನೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ, ಇದು ಯಾವುದೇ ರೋಗ ಗುಣಪಡಿಸಲು ಅಲ್ಲ ಎಂದಿತ್ತು. ನೋಡಿ, ಶುಗರ್ ವಾಸಿಯಾಗುತ್ತದೆ ಎಂದು ಜಾಹೀರಾತು ಕೊಟ್ಟರೆ ನಮ್ಮಲ್ಲಿ 1954ರ ಕಾಯಿದೆಯ ಪ್ರಕಾರ ಅಪರಾಧ. ನೋನಿಯಿಂದ ಡಯಾಬಿಟಿಸ್, ಕ್ಯಾನ್ಸರ್ ಹೋಗುತ್ತದೆ ಎಂದವರ ಮೇಲೆ ಅಮೆರಿಕದ ಕೆಲವು ರಾಜ್ಯಗಳು 1998ರಲ್ಲೇ ಕ್ರಮ ತೆಗೆದುಕೊಂಡವು. ಅದಕ್ಕೇ ಲೇಬಲ್ ಬಾಯಿ ಮುಚ್ಚಿಕೊಂಡಿರುತ್ತದೆ. ಅದು ಹೇಳದ್ದನ್ನು ನಿಮ್ಮ ನಾದಿನಿ ಬಾಯಲ್ಲಿ ಹೇಳಿಸುತ್ತಾರೆ.

ಬಾಟಲಿಯ ಜೊತೆ ಒಂದು ಬಣ್ಣದ ಕಾಗದವೂ ಬಂದಿತ್ತು. ಯಾವ ಹಣ್ಣಿನಲ್ಲಿ ಎಷ್ಟು ಆ್ಯಂಟಿಆಕ್ಸಿಡೆಂಟ್ ಎಂದು ಕಂಬಗಳ ಚಿತ್ರ. ಸೇಬಿನದು ಗೇಣುದ್ದ, ಅವರ ಹಣ್ಣಿನದು ತೆಂಗಿನ ಮರ. ಈ ಅಂಕಿಗೆ ಓರ್ಯಾಕ್ ಎನ್ನುತ್ತಾರೆ. ಇದು ಗಾಜಿನ ನಳಿಗೆಯಲ್ಲಿ ಸಿಕ್ಕ ಲೆಕ್ಕ. ಹೊಳೆಯುವ ಬಣ್ಣವೊಂದನ್ನು ಹಾಕಿ, ಅದನ್ನು ಕೆಡಿಸುವ ಫ್ರೀ ರ್ಯಾಡಿಕಲ್ ಎಂಬ ಚುರುಕು ಕಣಗಳನ್ನು ಬಿಟ್ಟು, ಹಣ್ಣಿನ ರಸ ಎಷ್ಟು ಹೊತ್ತು ಬಣ್ಣ ಕಾಪಾಡುತ್ತದೆ ಅಂತ ನೋಡುತ್ತಾರೆ. ನಮ್ಮ ಹೊಟ್ಟೆ ಗಾಜಿನ ನಳಿಗೆ ಅಲ್ಲವಲ್ಲ. ಹಣ್ಣಿಗೆ ಬಣ್ಣ ಕೊಡುವ ಪದಾರ್ಥಗಳಲ್ಲಿ ಬಹುಪಾಲು ಕರುಳಿನಲ್ಲಿ, ಲಿವರಿನಲ್ಲಿ ಒಡೆದು ಬೇರೆ ರೂಪಕ್ಕೆ ತಿರುಗುತ್ತವೆ. ಅಮೆರಿಕದ ಕೃಷಿ ಇಲಾಖೆಯೇ ಇಂಥ ಅಂಕಿಗಳ ಪಟ್ಟಿ ಇಟ್ಟಿತ್ತು. ಮಾರುವವರು ದುರುಪಯೋಗ ಮಾಡುತ್ತಿದ್ದಾರೆ ಎಂದು 2012ರಲ್ಲಿ ಅದನ್ನು ಕಿತ್ತುಹಾಕಿತು. ಕಾಗದ ಮಾತ್ರ ಇನ್ನೂ ಅಚ್ಚಾಗುತ್ತಲೇ ಇದೆ.

ಫ್ರೀ ರ್ಯಾಡಿಕಲ್‌ಗಳಿಂದಲೇ ಮುಪ್ಪು ಬರುತ್ತದೆ ಅನ್ನುವ ವಾದವನ್ನು 1956ರಲ್ಲಿ ಮುಂದಿಟ್ಟವರು ಅಮೆರಿಕದ ವಿಜ್ಞಾನಿ ಡೆನ್ಹಮ್ ಹಾರ್ಮನ್. ಹಾಗಿದ್ದರೆ ಆ್ಯಂಟಿಆಕ್ಸಿಡೆಂಟ್ ಜಾಸ್ತಿ ಕೊಟ್ಟರೆ ಸಾಕು ಅಂತ ಅನ್ನಿಸುತ್ತದೆ, ಅಲ್ವಾ? ಫಿನ್ಲೆಂಡಿನಲ್ಲಿ ಕೊಟ್ಟು ನೋಡಿದರು. ಸಿಗರೇಟು ಸೇದುವ 29,000ಕ್ಕೂ ಹೆಚ್ಚು ಗಂಡಸರನ್ನು ಸೇರಿಸಿಕೊಂಡು, ಕೆಲವರಿಗೆ ವರ್ಷಗಟ್ಟಲೆ ಬೀಟಾ ಕೆರೋಟಿನ್ ಅನ್ನುವ ಆ್ಯಂಟಿಆಕ್ಸಿಡೆಂಟಿನ ಮಾತ್ರೆ ಕೊಟ್ಟರು. 1994ರಲ್ಲಿ ಫಲಿತಾಂಶ ಬಂತು. ಆ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿ! ಜ್ಯೂಸ್ ಕುಡಿದರೆ ಹೀಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಅಷ್ಟು ಸಲೀಸಲ್ಲ ಅಂತ ಅಷ್ಟೇ.

ಇನ್ನು ಅತ್ತೆಯ ಮುಖದ ಕಳೆ. ಅದನ್ನು ನಾನು ನಂಬುತ್ತೇನೆ. ಮೊದಲು ಮಗಳು ಎಷ್ಟು ದಿನಕ್ಕೊಮ್ಮೆ ಬರುತ್ತಿದ್ದಳು ಅಂತ ಯೋಚಿಸಿ ನೋಡಿ. ಈಗ ಪ್ರತಿ ತಿಂಗಳು ಬರುತ್ತಾಳೆ, ಕೂತು ಮಾತಾಡುತ್ತಾಳೆ, "ಕುಡಿದೆಯಾ ಅಮ್ಮಾ?" ಎಂದು ಫೋನ್ ಮಾಡುತ್ತಾಳೆ. ಅದಕ್ಕೇ ಹೇಳುವುದು, ಬಾಟಲಿಯನ್ನು ಜಗಳವಾಡಿ ಕಿತ್ತುಕೊಳ್ಳಬೇಡಿ. ಡಾಕ್ಟರು ಬೇಡ ಎಂದರೆ ನಿಮ್ಮ ಯಜಮಾನರ ಕೈಲಿ ತಂಗಿಗೆ ಹೇಳಿಸಿ: ಬಾಟಲಿ ಸಾಕು, ನೀನು ಬರೋದು ಬಿಡಬೇಡ. ಜೊತೆಗೆ, ಸೇರುವಾಗ ಕಂಪನಿಯವರು ತಂಗಿಯಿಂದ ದುಡ್ಡು ಕಟ್ಟಿಸಿಕೊಂಡಿದ್ದಾರಾ ಅಂತಲೂ ಕೇಳಲಿ. ಹೀಗೆ ಅಂಗಡಿಯಿಲ್ಲದೆ ಜನರ ಕೈಲೇ ಮಾರಿಸುವ ನೇರ ಮಾರಾಟದ 2021ರ ನಿಯಮದಲ್ಲಿ ಹಾಗೆ ಪ್ರವೇಶ ಶುಲ್ಕ ತಗೊಳ್ಳುವಂತಿಲ್ಲ. ಎಷ್ಟೋ ಸಲ ಮನೆಯವರಿಗೆ ಕುಡಿಸುವವರೇ ಎಲ್ಲರಿಗಿಂತ ಜಾಸ್ತಿ ದುಡ್ಡು ಕಳೆದುಕೊಂಡಿರುತ್ತಾರೆ.

ಪ್ರಶ್ನೆ: ನನಗೆ 34. ಬೆಳಿಗ್ಗೆ ತಿಂಡಿ ಬದಲು ಆಫೀಸ್ ಕೆಳಗಿನ ಅಂಗಡಿಯಲ್ಲಿ 350 ಎಂ.ಎಲ್. ಕೋಲ್ಡ್ ಪ್ರೆಸ್ಡ್ ಜ್ಯೂಸ್ ಕುಡಿಯುತ್ತೇನೆ. ಅಸಾಯಿ, ಮ್ಯಾಂಗೋಸ್ಟೀನ್ ಇರುವಂಥದ್ದು. 280 ರೂಪಾಯಿ. ಚರ್ಮಕ್ಕೆ ಆ್ಯಂಟಿ ಏಜಿಂಗ್ ಅಂತಾರೆ. ಮುಂದುವರಿಸಲಾ?
(ಮಾರತ್ತಹಳ್ಳಿಯ ಓದುಗ)

ಉತ್ತರ: ಅಸಾಯಿ ಬ್ರೆಜಿಲ್‌ನ ಅಮೆಜಾನ್ ಕಡೆಯ ಒಂದು ತಾಳೆ ಜಾತಿಯ ಮರದ ಹಣ್ಣು. ಅಲ್ಲಿಯ ಜನ ಅದರ ತಿರುಳನ್ನು ಮರಗೆಣಸಿನ ಹಿಟ್ಟು, ಹುರಿದ ಮೀನಿನ ಜೊತೆ ಊಟಕ್ಕೆ ತಿನ್ನುತ್ತಾರೆ, ನಾವು ಸಾರು ಅನ್ನ ತಿಂದಹಾಗೆ. ಕಿತ್ತ ಹಣ್ಣು ಒಂದೆರಡು ದಿನದಲ್ಲೇ ಕೆಡುತ್ತದೆ. ಆದ್ದರಿಂದ ನಿಮ್ಮ ಲೋಟಕ್ಕೆ ಬರುವುದು ಹೆಪ್ಪುಗಟ್ಟಿಸಿದ ತಿರುಳೋ ಪುಡಿಯೋ. ಅದಕ್ಕೆ ತನ್ನದೇ ಆದ ಸಿಹಿ ಬಹಳ ಕಡಿಮೆ. ನಿಮಗೆ ಸಿಹಿ ಹತ್ತಿದರೆ ಅದು ಸೇಬಿನದೋ ಬಾಳೆಯದೋ ಇರಬೇಕು. ಅಂಗಡಿಯವರನ್ನು ಕೇಳಿ ನೋಡಿ.

ಮ್ಯಾಂಗೋಸ್ಟೀನ್ ಯಾರು ಗೊತ್ತಾ? ನಮ್ಮ ಪುನರ್ಪುಳಿಯ ದಾಯಾದಿ. ಎರಡೂ ಗಾರ್ಸೀನಿಯಾ ಕುಲದವು. ಒಬ್ಬರು ವಿಮಾನದಲ್ಲಿ ಬಂದು 280 ರೂಪಾಯಿ ಕೇಳುತ್ತಾರೆ, ಇನ್ನೊಬ್ಬರು ಮಂಗಳೂರಿನಿಂದ ರಾತ್ರಿ ಬಸ್ಸಲ್ಲಿ ಬಂದು ಸಾರಾಗುತ್ತಾರೆ.

ಹಿಂಡಿದ ರಸದಲ್ಲಿ ನಾರು ಚರಟದ ಜೊತೆ ಹೋಗುತ್ತದೆ, ಸಕ್ಕರೆ ಉಳಿಯುತ್ತದೆ. ಸೇಬು, ಕಿತ್ತಳೆಯಂಥ ರಸದಲ್ಲಿ ನೂರು ಎಂ.ಎಲ್.ಗೆ ಸುಮಾರು 10 ಗ್ರಾಂ. ನಿಮ್ಮ ಲೋಟ ಅಂಥ ರಸದ್ದೇ ಆದರೆ 35 ಗ್ರಾಂ ಆಯ್ತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದಂತೆ ಹಣ್ಣಿನ ರಸದ ಸಕ್ಕರೆಯೂ ಚಮಚದಲ್ಲಿ ಹಾಕಿದ ಸಕ್ಕರೆಯ ಲೆಕ್ಕಕ್ಕೇ ಸೇರುತ್ತದೆ, ಅದು ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು. 2013ರಲ್ಲಿ ಬ್ರಿಟನ್ನಿನ ಬಿಎಂಜೆ ಎಂಬ ವೈದ್ಯ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಹಣ್ಣನ್ನು, ಅದರಲ್ಲೂ ದ್ರಾಕ್ಷಿ, ಸೇಬು, ಬ್ಲೂಬೆರಿಗಳನ್ನು ಹಾಗೇ ತಿಂದವರಲ್ಲಿ ಸಕ್ಕರೆ ಕಾಯಿಲೆ ಕಡಿಮೆ ಇತ್ತು. ಜ್ಯೂಸ್ ಜಾಸ್ತಿ ಕುಡಿದವರಲ್ಲಿ ಜಾಸ್ತಿ ಇತ್ತು.

ಚರ್ಮಕ್ಕೆ ಸಿ ವಿಟಮಿನ್ ಬೇಕು, ಖಂಡಿತ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ನೋಡಿದರೆ ನೂರು ಗ್ರಾಂ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂಗಿಂತ ಜಾಸ್ತಿ ಇದೆ. ನಮಗೆ ದಿನಕ್ಕೆ ಬೇಕಾದದ್ದು 80 ಆಸುಪಾಸು. ಅಂದರೆ ಗಾಂಧಿ ಬಜಾರಿನಲ್ಲಿ ಉಪ್ಪುಖಾರ ಸವರಿ ಕೊಡುವ ಒಂದು ಸೀಬೆಕಾಯಿಗೇ ಕೆಲಸ ಮುಗಿಯಿತು. ಅದಕ್ಕಿಂತ ಹೆಚ್ಚಾದದ್ದರಲ್ಲಿ ಬಹಳಷ್ಟು ಮೂತ್ರದಲ್ಲಿ ಹೋಗುತ್ತದೆ.

ಸುಕ್ಕಿನ ಚಿಂತೆ ಇದ್ದರೆ ಒಂದು ಕೇಳುತ್ತೇನೆ, ನೀವು ಬೈಕಲ್ಲಿ ಓಡಾಡುವವರಾ? ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತಂಪಾಗಿದೆ ಅಂತ ಬಿಸಿಲು ಸುಡುವುದು ಬಿಡಲ್ಲ. ಆಸ್ಟ್ರೇಲಿಯಾದ ನ್ಯಾಂಬೂರ್ ಊರಿನಲ್ಲಿ ಒಂಬೈನೂರು ಜನರನ್ನು ನಾಲ್ಕೂವರೆ ವರ್ಷ ನೋಡಿದರು. ದಿನಾ ತಪ್ಪದೆ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ ಉಳಿದವರಿಗಿಂತ ನಿಧಾನವಾಗಿ ಮುಪ್ಪಾಯಿತು. 2013ರ ಫಲಿತಾಂಶ ಇದು. 280 ರೂಪಾಯಿಯನ್ನು ಒಂದೆರಡು ದಿನ ಉಳಿಸಿದರೆ ಒಂದು ಟ್ಯೂಬ್ ಬರುತ್ತದೆ. ತಿಂಡಿಗೆ ಎರಡು ಇಡ್ಲಿ ತಿನ್ನಿ ಮಾರಾಯರೇ.

ಪ್ರಶ್ನೆ: ಒಳಗೆಲ್ಲ ಕೆಂಪಗಿರುವ ಡ್ರ್ಯಾಗನ್ ಫ್ರೂಟ್ ಎರಡು ತಿಂದೆ. ಮಾರನೇ ದಿನ ಮೂತ್ರ ಗುಲಾಬಿ ಬಣ್ಣ. ರಕ್ತವೇ ಎಂದು ರಾತ್ರಿಯೆಲ್ಲ ನಿದ್ದೆ ಇಲ್ಲ.
(ಗೃಹಿಣಿ, ಯಲಹಂಕ)

ಉತ್ತರ: ಬೀಟ್‌ರೂಟ್ ಪಲ್ಯ ತಿಂದ ಮೇಲೂ ಕೆಲವರಿಗೆ ಹೀಗಾಗುತ್ತದೆ. ಎರಡರಲ್ಲೂ ಇರುವುದು ಬೀಟಾಲೈನ್ ಜಾತಿಯ ಬಣ್ಣ. ಹಣ್ಣು ನಿಲ್ಲಿಸಿ ಎರಡು ದಿನ ನೋಡಿ. ಆಮೇಲೂ ಬಣ್ಣ ಇದ್ದರೆ, ಅಥವಾ ಉರಿ, ನೋವು ಇದ್ದರೆ, ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ನಮ್ಮ ಹಿತ್ತಲಲ್ಲೇ ಚಕ್ಕೋತದ ಮರವಿದೆ. ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್ ತಗೊಳ್ತೇನೆ. ವಿದೇಶಿ ಜ್ಯೂಸುಗಳ ಅಪಾಯ ನಮ್ಮ ಚಕ್ಕೋತಕ್ಕೆ ಇಲ್ಲ ತಾನೇ?
(ನಿವೃತ್ತ ಮೇಷ್ಟ್ರು, ದೇವನಹಳ್ಳಿ)

ಉತ್ತರ: ಇದೆ ಮೇಷ್ಟ್ರೇ, ಇರಬಹುದು. ಗ್ರೇಪ್‌ಫ್ರೂಟ್ ಅನ್ನುವ ಹಣ್ಣಿನ ರಸ ಕೆಲವು ಮಾತ್ರೆಗಳ ಔಷಧವನ್ನು ದೇಹ ಒಡೆದುಹಾಕದಂತೆ ತಡೆದು, ರಕ್ತದಲ್ಲಿ ಅವುಗಳ ಪ್ರಮಾಣ ಏರಿಸುತ್ತದೆ. ಇದು ಗೊತ್ತಾಗಿದ್ದೇ ಅಕಸ್ಮಾತ್ತಾಗಿ. ಕೆನಡಾದ ಡೇವಿಡ್ ಬೇಲಿ ಎನ್ನುವವರು ಬಿಪಿ ಮಾತ್ರೆಯೊಂದನ್ನು ಮದ್ಯದ ಜೊತೆ ಕೊಟ್ಟು ಮಾಡಿದ ಪರೀಕ್ಷೆಯಲ್ಲಿ ಮದ್ಯದ ರುಚಿ ಮುಚ್ಚಲು ಆ ರಸ ಬೆರೆಸಿದ್ದರು. ನಿಮ್ಮ ಅಟೊರ್ವಾಸ್ಟಾಟಿನ್ ಕೂಡ ಆ ಪಟ್ಟಿಯಲ್ಲಿದೆ, ಪ್ರಮಾಣ ಏರಿದರೆ ಮಾಂಸಖಂಡಗಳಿಗೆ ತೊಂದರೆ. ಗ್ರೇಪ್‌ಫ್ರೂಟ್ ಹುಟ್ಟಿದ್ದು ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ಹಾಗಾಗಿ ಮಗುವಿನ ಈ ಗುಣ ಹೆತ್ತ ಚಕ್ಕೋತದಲ್ಲೂ ಇದೆ. ದೇವನಹಳ್ಳಿ ಚಕ್ಕೋತಕ್ಕೆ ಜಿಐ ಮಾನ್ಯತೆ ಇದೆ ಎಂದು ಅದಕ್ಕೆ ರಿಯಾಯಿತಿ ಕೊಡೋಕೆ ಬರಲ್ಲ! ಬೆಳಿಗ್ಗೆ ತಿಂದು ರಾತ್ರಿ ಮಾತ್ರೆ ನುಂಗಿದರೂ ಪರಿಣಾಮ ಪೂರ್ತಿ ಹೋಗಿರುವುದಿಲ್ಲ, ಒಂದು ದಿನಕ್ಕೂ ಮೀರಿ ಉಳಿಯಬಹುದು. ಈ ಮಾತ್ರೆಯೇ ಬೇಕಾ, ಚಕ್ಕೋತದ ಜೊತೆ ಜಗಳವಿಲ್ಲದ ಬೇರೆ ಸ್ಟಾಟಿನ್ ಆಗುತ್ತದಾ ಎಂದು ನಿಮ್ಮ ಡಾಕ್ಟರನ್ನು ಕೇಳಿ. ರೋಸುವಾಸ್ಟಾಟಿನ್ ಥರದವು ಇವೆ. ಅಲ್ಲಿಯವರೆಗೆ ಈ ಸಲದ ಹಣ್ಣು ಮೊಮ್ಮಕ್ಕಳಿಗಿರಲಿ.